ಮಗುವಿನ ತೂಕ ಎಷ್ಟು?

ದಸರಾ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ನೀರಿನ ಕಡೆಗೆ ತಿರುಗುತ್ತವೆ. ಮಳೆಗಾಲದಲ್ಲಿ ನಿಂತಿದ್ದ ಮಲ್ಪೆ–ಸೇಂಟ್ ಮೇರೀಸ್ ದ್ವೀಪದ ದೋಣಿಗಳು ಮತ್ತೆ ಶುರುವಾಗಿರುತ್ತವೆ, ಕಾಳಿ ನದಿಯ ರಾಫ್ಟಿಂಗ್‌ನವರು ಬೋರ್ಡು ಒರೆಸಿ ನಿಲ್ಲಿಸಿರುತ್ತಾರೆ, ಶರಾವತಿ ಹಿನ್ನೀರು ದಡದವರೆಗೆ ಬಂದಿರುತ್ತದೆ. ಪತ್ರಗಳಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ. ಮೂರು ವರ್ಷದ ಮಗಳನ್ನು ದೋಣಿ ಹತ್ತಿಸಬಹುದೇ, ಅಲ್ಲಿ ಲೈಫ್ ಜಾಕೆಟ್ ಕೊಡುತ್ತಾರಂತಲ್ಲ? ನಾವೇ ಒಂದು ಕೊಂಡು ಹೋಗುವುದು ಒಳ್ಳೆಯದೇ? ಆನ್‌ಲೈನ್‌ನಲ್ಲಿ ನೂರುಗಳ ಲೆಕ್ಕದಲ್ಲೂ ಇದೆ, ಸಾವಿರಗಳ ಲೆಕ್ಕದಲ್ಲೂ ಇದೆ, ಯಾವುದನ್ನು ನಂಬುವುದು? ಉತ್ತರ ಬರೆಯುವ ಮೊದಲು ನಾನು ಮರುಪ್ರಶ್ನೆ ಹಾಕುತ್ತೇನೆ: ಮಗುವಿನ ತೂಕ ಎಷ್ಟು? ಬಹಳ ಮಂದಿಗೆ ಗೊತ್ತಿರುವುದಿಲ್ಲ. ವಯಸ್ಸು ಹೇಳುತ್ತಾರೆ, ತರಗತಿ ಹೇಳುತ್ತಾರೆ, ‘ಸ್ವಲ್ಪ ಸಣಕಲು ಸಾರ್’ ಅನ್ನುತ್ತಾರೆ. ಲಸಿಕೆಯ ಕಾರ್ಡಿನಲ್ಲಿ ಹೋದಾಗಲೆಲ್ಲ ಬರೆಸಿಕೊಳ್ಳುತ್ತಿದ್ದ ತೂಕ, ಲಸಿಕೆ ಮುಗಿದ ಮೇಲೆ ಮನೆಯವರ ನೆನಪಿನಿಂದ ಜಾರಿಹೋಗಿರುತ್ತದೆ. ಆದರೆ ಜಾಕೆಟ್ಟಿಗೆ ವಯಸ್ಸು ಅರ್ಥವಾಗುವುದಿಲ್ಲ. ಅದಕ್ಕೆ ಅರ್ಥವಾಗುವುದು ಕಿಲೋ, ಜೊತೆಗೆ ಎದೆಯ ಸುತ್ತಳತೆ.

ಹಿನ್ನೀರಿನ ದಡವೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಬ್ಬಿಣದ ಸರಳಿಗೆ ಸಾಲಾಗಿ ನೇತುಹಾಕಿದ್ದ ಕಿತ್ತಳೆ ಬಣ್ಣದ ಜಾಕೆಟ್‌ಗಳು, ಎಲ್ಲವೂ ಒಂದೇ ಅಳತೆಯವು. ನಾಲ್ಕು ವರ್ಷದವಳಿರಬಹುದಾದ ಹುಡುಗಿಯೊಬ್ಬಳಿಗೆ ಅವುಗಳಲ್ಲೊಂದನ್ನು ತೊಡಿಸಿದ್ದರು. ಕೆಳಗಿನ ಅಂಚು ಮಂಡಿ ಮುಟ್ಟುತ್ತಿತ್ತು. ಭುಜದ ಭಾಗ ಎರಡೂ ಕಡೆ ಕಿವಿಯ ಮಟ್ಟಕ್ಕೆ ಎದ್ದು ನಿಂತಿತ್ತು. ಸೊಂಟದ ಪಟ್ಟಿ ಉದ್ದವಾಯಿತೆಂದು ಅಪ್ಪ ಅದನ್ನು ಎರಡು ಸುತ್ತು ಸುತ್ತಿ ಬೆನ್ನ ಹಿಂದೆ ಗಂಟು ಹಾಕಿದ್ದ. ದೋಣಿಯವನಿಗೆ ತೃಪ್ತಿ, ಅಪ್ಪನಿಗೆ ಸಮಾಧಾನ, ಅಮ್ಮನಿಗೆ ಫೋಟೊ. ನಾನು ಸುಮ್ಮನಿರಲಾರದೆ (ನನ್ನ ಮನೆಯವರು ಈ ಗುಣಕ್ಕೆ ಬೇರೆಯೇ ಹೆಸರಿಟ್ಟಿದ್ದಾರೆ) ಆ ಅಪ್ಪನಿಗೆ ಒಂದು ಕೆಲಸ ಹೇಳಿದೆ: ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲಕ್ಕೆತ್ತಿ ನೋಡಿ. ಎತ್ತಿದ. ಜಾಕೆಟ್ ಸಲೀಸಾಗಿ ಮೇಲೆ ಬಂತು. ಮೊದಲು ಗಲ್ಲ ಮರೆಯಾಯಿತು, ಆಮೇಲೆ ಕಿವಿ, ಆಮೇಲೆ ಜುಟ್ಟಿನ ರಿಬ್ಬನ್ನು. ಹುಡುಗಿ ಮಾತ್ರ ಹಲಗೆಯ ಮೇಲೆ ನಿಂತಲ್ಲೇ ನಿಂತಿದ್ದಳು, ಒಳಗಿಂದ ಕಿಲಕಿಲ ನಗುತ್ತ. ಅಪ್ಪನೂ ನಕ್ಕ. ಒಂದು ಗಳಿಗೆ ಬಿಟ್ಟು ಅವನ ನಗು ನಿಂತಿತು.

ಲೈಫ್ ಜಾಕೆಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಜಿಪ್ಪು, ಬಕಲ್ಲು ಎಲ್ಲ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ, ಆಮೇಲೆ ಭುಜ ಹಿಡಿದು ಎತ್ತಬೇಕು. ಗಲ್ಲವಾಗಲಿ ಕಿವಿಯಾಗಲಿ ಕೊರಳಪಟ್ಟಿಯೊಳಗೆ ಇಳಿದುಹೋದರೆ ಆ ಜಾಕೆಟ್ ಆ ಮಗುವಿನದಲ್ಲ. ನೀರು ಮಾಡುವುದೂ ಆ ಅಪ್ಪನ ಕೈ ಮಾಡಿದ್ದನ್ನೇ. ಬಿದ್ದ ಕ್ಷಣದಲ್ಲಿ ಜಾಕೆಟ್ ಮೇಲಕ್ಕೆ ಚಿಮ್ಮುತ್ತದೆ, ಮೈ ಕೆಳಕ್ಕೆ ಜಗ್ಗುತ್ತದೆ. ಎರಡರ ನಡುವೆ ಬಿಗಿಯಾದ ಕೊಂಡಿ ಇಲ್ಲದಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರ ಅಡಿಯಿಂದ ನುಸುಳಿಹೋಗುತ್ತದೆ. ಪೂರ್ತಿ ನುಸುಳದೆ ಅರ್ಧಕ್ಕೆ ನಿಂತರೂ ಅಪಾಯವೇ. ಮೇಲೆ ಬಂದ ಫೋಮು ಮುಖಕ್ಕೆ ಒತ್ತಿ ಉಸಿರು ಕಟ್ಟಿಸುತ್ತದೆ, ಎರಡು ಕೈಗಳೂ ಮೇಲಕ್ಕೆ ಸಿಕ್ಕಿಬಿದ್ದು ಮಗು ಏನನ್ನೂ ಹಿಡಿಯಲಾರದು. ಬೆಳೆಯುವ ಮಕ್ಕಳೆಂದು ಅಂಗಿ ಚಡ್ಡಿಯನ್ನು ಒಂದಳತೆ ದೊಡ್ಡದಾಗಿಯೇ ಹೊಲಿಸುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಮುಂದಿನ ವರ್ಷಕ್ಕೂ ಆಗಲಿ ಎಂದು ಕೊಂಡ ಜಾಕೆಟ್ ಈ ವರ್ಷ ಕೆಲಸಕ್ಕೆ ಬಾರದು.

ಹೆಚ್ಚಿನವರು ಊಹಿಸುವಷ್ಟು ದೊಡ್ಡ ಬಲವೇನೂ ತೇಲಲು ಬೇಕಾಗಿಲ್ಲ. ನಮ್ಮ ಮೈಯ ಬಹುಪಾಲು ಭಾರವನ್ನು ನೀರೇ ಹೊರುತ್ತದೆ. ಸಾಮಾನ್ಯ ಮೈಕಟ್ಟಿನ ವಯಸ್ಕನ ಮೂಗು ಬಾಯಿ ನೀರಿನ ಮೇಲೆ ನಿಲ್ಲಲು ಬೇಕಾದ ಹೆಚ್ಚುವರಿ ಆಸರೆ ಮೂರರಿಂದ ಐದು ಕಿಲೋದಷ್ಟು, ಅಷ್ಟೇ. ಜಾಕೆಟ್ಟಿನ ಒಳಚೀಟಿಯಲ್ಲಿ 50, 100, 150 ಎಂಬ ಸಂಖ್ಯೆಯ ಪಕ್ಕದಲ್ಲಿ ನ್ಯೂಟನ್ ಎಂದು ಅಚ್ಚಾಗಿರುತ್ತದಲ್ಲ, ಅದು ಈ ತೇಲುಬಲದ ದರ್ಜೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಎತ್ತುವ ಶಕ್ತಿ. 50ರ ದರ್ಜೆಯದು ಈಜು ಬಲ್ಲವರಿಗೆ, ದಡ ಹತ್ತಿರವಿದ್ದು ಸಹಾಯ ಕೈಗೆಟುಕುವಂತಿದ್ದಾಗ. ಕಯಾಕ್ ನಡೆಸುವವರು ತೊಡುವುದು ಇದನ್ನು. 100ರದ್ದು ಕೆರೆ, ಹಿನ್ನೀರು, ಅಲೆಯಬ್ಬರವಿಲ್ಲದ ನೀರಿಗೆ. 150ರದ್ದು ತೆರೆದ ಕಡಲಿಗೆ. ಇವು ದೊಡ್ಡವರ ಲೆಕ್ಕದ ಅಂಕಿಗಳು. ಮಕ್ಕಳ ಅಳತೆಯಲ್ಲಿ ಅದೇ ದರ್ಜೆಗೆ ಬೇಕಾಗುವ ಫೋಮು ಅವರ ತೂಕಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಈಜು ಬಾರದ ಮಗುವಿಗೆ 50ರ ದರ್ಜೆಯದನ್ನು ತೊಡಿಸಿ ನೆಮ್ಮದಿಯಾಗಿರುವುದು ನನಗೆ ಒಪ್ಪಿಗೆಯಿಲ್ಲ. ಕನಿಷ್ಠ 100 ಇರಲಿ.

ಕಾರಣ ಮಗುವಿನ ಮೈಕಟ್ಟಿನಲ್ಲೇ ಇದೆ. ಹುಟ್ಟಿದ ಶಿಶುವಿನ ತಲೆ ಅದರ ಉದ್ದದ ಕಾಲುಭಾಗ. ದೊಡ್ಡವರಲ್ಲಿ ಅದು ಏಳರಲ್ಲೊಂದು, ಎಂಟರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಪುಟ್ಟ ಮಕ್ಕಳು ಬಕೆಟ್ಟಿನೊಳಗೆ ಬಗ್ಗಿದರೆ ತಲೆಕೆಳಗಾಗುವುದು ಇದರಿಂದಲೇ. ಇಂಥ ಮಗುವಿನ ಎದೆಗೊಂದಿಷ್ಟು, ಬೆನ್ನಿಗೊಂದಿಷ್ಟು ಫೋಮು ಕಟ್ಟಿಬಿಟ್ಟರೆ ಅದು ತೇಲಬಹುದು, ಆದರೆ ಮುಖ ಕೆಳಗೆ ಮಾಡಿಯೂ ತೇಲಬಹುದು. ಒಳ್ಳೆಯ ಮಕ್ಕಳ ಜಾಕೆಟ್ಟಿನಲ್ಲಿ ಫೋಮಿನ ಹೆಚ್ಚು ಪಾಲು ಎದೆಯ ಮೇಲಿರುತ್ತದೆ, ಕತ್ತಿನ ಹಿಂದೆ ದಪ್ಪನೆಯ ಕಾಲರು ಇರುತ್ತದೆ. ಎದೆಯ ಫೋಮು ಮೈಯನ್ನು ಅಂಗಾತ ತಿರುಗಿಸುತ್ತದೆ, ಕಾಲರು ತಲೆಯನ್ನು ಹಿಡಿಯುತ್ತದೆ. ಕಾಲರಿಗೆ ಒಂದು ಗಟ್ಟಿ ಹಿಡಿಕೆ ಹೊಲಿದಿರುತ್ತಾರೆ, ನೀರಿನಲ್ಲಿರುವ ಮಗುವನ್ನು ದೋಣಿಯ ಅಂಚಿನಿಂದ ಬಗ್ಗಿ ಎತ್ತಿಕೊಳ್ಳಲು. ಅಂಗಡಿಯಲ್ಲಿ ಆ ಹಿಡಿಕೆಯನ್ನು ಜೋರಾಗಿ ಜಗ್ಗಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ತೊಡೆಗಳ ನಡುವೆ ಹಾಯುವ ಪಟ್ಟಿ. ನಮ್ಮ ಪ್ರವಾಸಿ ತಾಣಗಳಲ್ಲಿ ನಾನು ತೀರಾ ಅಪರೂಪಕ್ಕೆ ಕಂಡದ್ದೂ ಇದೇ. ಮಕ್ಕಳಿಗೆ ಸೊಂಟವೆಂಬುದು ಇರುವುದಿಲ್ಲ. ಎದೆ, ಹೊಟ್ಟೆ, ಕೆಳಹೊಟ್ಟೆ ಎಲ್ಲ ಒಂದೇ ಸುತ್ತಳತೆ, ಕೆಲವರಲ್ಲಿ ಹೊಟ್ಟೆಯೇ ದೊಡ್ಡದು. ಸೊಂಟದ ಪಟ್ಟಿಯನ್ನು ಎಷ್ಟು ಬಿಗಿದರೂ ಹಿಡಿದು ನಿಲ್ಲಲು ಅದಕ್ಕೆ ಜಾಗವಿಲ್ಲ, ಜಾರಿ ಮೇಲೇರುತ್ತದೆ. ಹಿಂದಿನಿಂದ ಬಂದು ಕಾಲುಗಳ ನಡುವೆ ಹಾಯ್ದು ಮುಂದೆ ಬಕಲ್ಲಿಗೆ ಸೇರುವ ಪಟ್ಟಿಯೊಂದೇ ಜಾಕೆಟ್ಟನ್ನು ಕೆಳಗೆ ಹಿಡಿದಿಡುತ್ತದೆ. ಮಗುವಿಗೆ ಕಿರಿಕಿರಿ ಎಂದು ಅದನ್ನು ಮಡಚಿ ಒಳಗೆ ತುರುಕುವ ಅಮ್ಮಂದಿರನ್ನು ನೋಡಿದ್ದೇನೆ. ಜಿಪ್ಪನ್ನು ಬೇಕಾದರೆ ಅರ್ಧ ಬಿಡಿ ಅನ್ನುತ್ತೇನೆ ನಾನು (ಬಿಡಬೇಡಿ, ಮಾತಿಗೆ ಹೇಳಿದೆ), ಈ ಪಟ್ಟಿಯನ್ನು ಬಿಡಬೇಡಿ.

ಇಷ್ಟು ಬರೆದರೆ ಹಿರಿಯ ಓದುಗರಿಂದ ಒಂದು ಆಕ್ಷೇಪ ಬರುವುದು ಗ್ಯಾರಂಟಿ. ‘ನಾವೆಲ್ಲ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು, ಯಾವ ಜಾಕೆಟ್ಟೂ ಇರಲಿಲ್ಲ.’ ನಿಜ. ಬಯಲುಸೀಮೆಯ ಬಾವಿಗಳಲ್ಲಿ ಒಣಗಿದ ಸೋರೆಬುರುಡೆ, ಕೆಲವೆಡೆ ಕತ್ತಾಳೆಯ ಬೆಂಡು, ಕರಾವಳಿಯಲ್ಲಿ ಸಿಪ್ಪೆ ಸಮೇತ ಜೋಡಿಸಿ ಕಟ್ಟಿದ ಒಣ ತೆಂಗಿನಕಾಯಿ, ಆಮೇಲೆ ಸೀಮೆಎಣ್ಣೆ ಡಬ್ಬ, ಪ್ಲಾಸ್ಟಿಕ್ ಕ್ಯಾನು: ತಲೆಮಾರುಗಳೇ ಇವುಗಳ ಮೇಲೆ ತೇಲಿವೆ. ಆದರೆ ಅವು ಈಜು ಕಲಿಸುವ ಸಾಧನಗಳು. ಬಾವಿಯ ಮೆಟ್ಟಿಲ ಮೇಲೆ ಮಾವನೋ ದೊಡ್ಡಪ್ಪನೋ ಹಗ್ಗದ ತುದಿ ಹಿಡಿದು ಕೂತಿರುತ್ತಿದ್ದ. ಬುರುಡೆಯ ಕೆಲಸ ನಡುವನ್ನು ಎತ್ತಿಹಿಡಿಯುವುದು, ಮುಖವನ್ನು ನೀರಿನ ಮೇಲಿಟ್ಟುಕೊಳ್ಳುವುದು ಕಲಿಯುವವನ ಕೆಲಸ. ಮಗುವಿಗೆ ಪ್ರಜ್ಞೆ ತಪ್ಪಿದರೆ ನಡುವಿಗೆ ಕಟ್ಟಿದ ಬುರುಡೆ ಮೈಯನ್ನು ಬೋರಲಾಗಿ ತೇಲಿಸುತ್ತದೆ. ಅಂಗಡಿಯಲ್ಲಿ ಸಿಗುವ ತೋಳಿನ ಗಾಳಿಚೀಲ, ಬಾತುಕೋಳಿಯ ಮೂತಿಯ ಟ್ಯೂಬು, ಬಣ್ಣಬಣ್ಣದ ತೆಳು ಈಜುವೆಸ್ಟು ಇವೂ ಆ ಬುರುಡೆಯ ಜಾತಿಗೇ ಸೇರಿದವು. ಅವುಗಳ ಮೇಲೆಯೇ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ, ಇದು ಜೀವರಕ್ಷಕ ಸಾಧನವಲ್ಲ ಎಂದು ಬರೆದಿರುತ್ತದೆ. ಈಜುಕೊಳದಲ್ಲಿ ನೀವು ಪಕ್ಕದಲ್ಲೇ ನಿಂತಿರುವಾಗ ಆಟಕ್ಕೆ ಅಡ್ಡಿಯಿಲ್ಲ. ದೋಣಿಗೆ ಅವನ್ನು ತರಲೇಬೇಡಿ.

ಕೊಳ್ಳುವವರಿಗೆ ಈಗ ತೂಕದ ಮಾತು. ಚೀಟಿಯಲ್ಲಿ ಮೊದಲು ಹುಡುಕಬೇಕಾದದ್ದು ಎಷ್ಟು ಕಿಲೋದಿಂದ ಎಷ್ಟು ಕಿಲೋವರೆಗೆ ಎಂಬುದು. ಅದಿಲ್ಲದೆ ‘ಎಸ್’, ‘ಎಮ್’, ‘ಎಲ್’ ಎಂದಷ್ಟೇ ಇದ್ದರೆ, ಅಥವಾ ‘ಮಕ್ಕಳಿಗೆ’ ಎಂದಷ್ಟೇ ಇದ್ದರೆ ಕೆಳಗಿಡಿ. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಪ್ರಕಾರ 15 ಕಿಲೋದೊಳಗಿನದು ಶಿಶುವಿನ ಜಾಕೆಟ್, 15ರಿಂದ 43 ಕಿಲೋದೊಳಗಿನದು ಮಕ್ಕಳದ್ದು, ಅದರ ಮೇಲಿನದು ವಯಸ್ಕರದ್ದು. ಎತ್ತರದಲ್ಲಿ ಹೇಳುವುದಾದರೆ ಮೊದಲ ಗೆರೆ 100 ಸೆಂಟಿಮೀಟರ್, ಎರಡನೆಯದು 155. ಅಮೆರಿಕದ ಜಾಕೆಟ್ಟುಗಳಲ್ಲಿ ಇನ್ನೂ ಸಣ್ಣ ವಿಂಗಡಣೆ ಇದೆ: ಸುಮಾರು 14 ಕಿಲೋವರೆಗೆ ಒಂದು, 14ರಿಂದ 23ಕ್ಕೆ ಒಂದು, 23ರಿಂದ 41ಕ್ಕೆ ಇನ್ನೊಂದು. ಪುಟ್ಟ ಮಕ್ಕಳಿಗೆ ಈ ಸಣ್ಣ ವಿಂಗಡಣೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. 16 ಕಿಲೋದ ಯುಕೆಜಿ ಹುಡುಗನೂ 40 ಕಿಲೋದ ಏಳನೇ ಕ್ಲಾಸಿನವನೂ ಒಂದೇ ಅಳತೆಯಲ್ಲಿ ಹೇಗೆ ಹಿಡಿಸಿಯಾರು? ಐಎಸ್‌ಒ 12402 ಎಂಬ ಮಾನದಂಡದ ಸಂಖ್ಯೆ ಇದ್ದರೆ ಒಳ್ಳೆಯದು. ದೊಡ್ಡ ದೋಣಿಗಳಿಗೆ ಒದಗಿಸುವ ಜಾಕೆಟ್ಟುಗಳಲ್ಲಿ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನ ಮುದ್ರೆಯೂ ಕಾಣಸಿಗುತ್ತದೆ. ಬಣ್ಣ ಕಿತ್ತಳೆ, ಕಡು ಹಳದಿ, ಇಲ್ಲವೇ ಕೆಂಪು. ನೀಲಿ ಜಾಕೆಟ್ ಅಂಗಡಿಯಲ್ಲಿ ಚೆಂದ, ನೀರಿನಲ್ಲಿ ಕಾಣುವುದಿಲ್ಲ. ಸೀಟಿ ಇದ್ದರೆ ಇರಲಿ, ಆದರೆ ಅದನ್ನು ನಂಬಿ ಕೂರಬೇಡಿ. ಮುಳುಗುವ ಮಗು ಸೀಟಿ ಊದುವುದಿಲ್ಲ, ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದೂ ಇಲ್ಲ. ಉಸಿರಿಗೆ ಬಾಯಿ ಸಾಲದಾಗ ಕೂಗು ಹೊರಡದು. ಎಲ್ಲ ಮುಗಿಯುವುದು ಸದ್ದಿಲ್ಲದೆ, ಒಂದು ನಿಮಿಷದೊಳಗೆ. ಇನ್ನು ಗುಂಡಿ ಒತ್ತಿದರೆ ಗಾಳಿ ತುಂಬಿಕೊಳ್ಳುವ ತೆಳ್ಳನೆಯ ಜಾಕೆಟ್ಟುಗಳು ಮಕ್ಕಳಿಗಲ್ಲ. ಫೋಮಿನದೇ ಬೇಕು.

ತೀರಾ ಎಳೆಯ ಕೂಸುಗಳ ವಿಷಯದಲ್ಲಿ ನನ್ನ ಉತ್ತರ ಓದುಗರಿಗೆ ಯಾವತ್ತೂ ಇಷ್ಟವಾಗುವುದಿಲ್ಲ: ಕರೆದೊಯ್ಯಬೇಡಿ. ಸುಮಾರು ಎಂಟು ಕಿಲೋ ತುಂಬುವವರೆಗೆ ಯಾವ ಜಾಕೆಟ್ಟೂ ಕೂಸಿನ ಮೇಲೆ ಸರಿಯಾಗಿ ಕೂರುವುದು ಕಷ್ಟ, ಕೂಸಿಗೆ ತನ್ನ ತಲೆಯನ್ನು ತಾನೇ ಎತ್ತಿಹಿಡಿಯುವ ಶಕ್ತಿಯೂ ಸಾಲದು. ತಾಯಿ ಜಾಕೆಟ್ ತೊಟ್ಟು, ಕಂಕುಳಲ್ಲಿ ಬರಿಮೈಯ ಮಗುವನ್ನು ಎತ್ತಿಕೊಂಡು ದೋಣಿ ಹತ್ತುವುದು ನಮ್ಮಲ್ಲಿ ದಿನನಿತ್ಯದ ನೋಟ. ಇನ್ನೊಂದು ನೋಟ ಅದಕ್ಕಿಂತ ಭಯಾನಕ. ಮಗುವನ್ನು ಎದೆಗವಚಿಕೊಂಡು ಇಬ್ಬರಿಗೂ ಸೇರಿಸಿ ಒಂದೇ ಜಾಕೆಟ್ಟಿನ ಜಿಪ್ಪು ಎಳೆದುಕೊಳ್ಳುವುದು. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ನೀರಿಗೆ ಬಿದ್ದರೆ ಫೋಮು ಮತ್ತು ಅಪ್ಪನ ಎದೆಯ ನಡುವೆ ಮಗುವಿನ ಮೂಗು ಬಾಯಿ ಸಿಕ್ಕಿಬೀಳುತ್ತದೆ, ಅಪ್ಪನಿಗೂ ಜಾಕೆಟ್ ಬಿಗಿಯಾಗಿ ಕೂತಿರುವುದಿಲ್ಲ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್‌ನದೂ ಇದೇ ಕಥೆ. ಒಂದು ವರ್ಷದ ಕೂಸಿಗೆ ಸೇಂಟ್ ಮೇರೀಸ್‌ನ ಕಲ್ಲುಕಂಬಗಳಿಂದ ಆಗಬೇಕಾದದ್ದೇನೂ ಇಲ್ಲ. ಒಬ್ಬರು ದಡದಲ್ಲಿ ಕೂಸಿನ ಜೊತೆ ಉಳಿದು, ಇನ್ನೊಬ್ಬರು ಹೋಗಿಬರಲಿ, ಆಮೇಲೆ ಅದಲುಬದಲಾಗಲಿ.

ದುರಂತಗಳ ಪಟ್ಟಿ ಕೊಟ್ಟು ಹೆದರಿಸುವುದು ನನ್ನ ಇಷ್ಟದ ಕೆಲಸವಲ್ಲ, ಆದರೂ ಮೂರನ್ನು ಹೇಳದೆ ವಿಧಿಯಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಎರಡು ಮಾಳಿಗೆಯ ವಿಹಾರದೋಣಿ ಮಗುಚಿ 22 ಜನ ಹೋದರು, ಅವರಲ್ಲಿ ಹೆಚ್ಚಿನವರು ಮಕ್ಕಳು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಆ ದೋಣಿಯಲ್ಲಿದ್ದ ಎಲ್ಲ ಮಕ್ಕಳಿಗೂ ಜಾಕೆಟ್ ತೊಡಿಸಿರಲಿಲ್ಲ. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬುವುದು ಇಂಥ ದುರಂತಗಳಲ್ಲೆಲ್ಲ ಮತ್ತೆ ಮತ್ತೆ ಕಾಣುವ ಸಂಗತಿ. ದೋಣಿ ತುಂಬಿದೆ ಅನ್ನಿಸಿದರೆ ಮಕ್ಕಳ ಮೈಮೇಲೆ ಎಷ್ಟೇ ಒಳ್ಳೆಯ ಜಾಕೆಟ್ ಇರಲಿ, ಇಳಿದುಬಿಡಿ, ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ. ಮಾಳಿಗೆಯ ದೋಣಿಯಾದರೆ ಕೆಳಗಿನ ಕೋಣೆಯಲ್ಲಿ, ಎಸಿ ಇದೆಯೆಂದು, ಮಕ್ಕಳನ್ನು ಕೂರಿಸಬೇಡಿ. ಮುಚ್ಚಿದ ಕೋಣೆಯ ದೋಣಿ ಮಗುಚಿದಾಗ ಜಾಕೆಟ್ಟೇ ಮಗುವನ್ನು ಒಳಚಾವಣಿಗೆ ಒತ್ತಿ ಹಿಡಿಯುತ್ತದೆ, ಕಿಟಕಿ ಕೆಳಗೆ ಉಳಿಯುತ್ತದೆ. ತೆರೆದ ಜಾಗದಲ್ಲಿ, ಅಂಚಿನಿಂದ ಒಂದಿಷ್ಟು ಒಳಗೆ ಕೂತುಕೊಳ್ಳಿ. ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿಯಿಂದ ಹಿಡಿದು ಜೀವರಕ್ಷಕ ಸಲಕರಣೆಯವರೆಗೆ ಎಲ್ಲವನ್ನೂ ಹೇಳುತ್ತದೆ. ಆದರೆ ಭಾನುವಾರ ಮಧ್ಯಾಹ್ನ ಹಿನ್ನೀರಿನ ದಡದಲ್ಲಿ ಕಾಯ್ದೆ ಓದಿ ಹೇಳುವವರು ಯಾರೂ ನಿಂತಿರುವುದಿಲ್ಲ.

ಜಾಕೆಟ್ ಕೈಕೊಡುವ ನೀರೂ ಇದೆ. ಶ್ರೀರಂಗಪಟ್ಟಣದ ಹತ್ತಿರ ಬಲಮುರಿ, ಎಡಮುರಿಯಲ್ಲಿ ಕಟ್ಟೆಯ ಮೇಲಿಂದ ಕಾವೇರಿ ತೆಳ್ಳಗೆ ಹರಿಯುವಾಗ ಮಕ್ಕಳನ್ನು ನಿಲ್ಲಿಸಿ ಆಡಿಸುತ್ತಾರೆ. ಯಾವುದೇ ಕಟ್ಟೆಯ ಬುಡದಲ್ಲಿ, ಜಲಪಾತದ ಬುಡದಲ್ಲಿ ನೀರು ಗಾಳಿಯೊಂದಿಗೆ ಬೆರೆತು ಬಿಳಿ ನೊರೆಯಾಗಿರುತ್ತದೆ. ಗಾಳಿ ಬೆರೆತ ನೀರು ಹಗುರ, ಅದರಲ್ಲಿ ಫೋಮಿನ ತೇಲುಬಲ ಇಳಿಯುತ್ತದೆ. ಮೇಲಾಗಿ ಅಲ್ಲಿ ನೀರು ಒಳಮುಖವಾಗಿ ಉರುಳುತ್ತ ಬಿದ್ದದ್ದನ್ನು ಮತ್ತೆ ಕಟ್ಟೆಯ ಕಡೆಗೇ ಎಳೆಯುತ್ತದೆ. ಕಡಲ ಅಲೆಗಳಲ್ಲಿ ಆಡುವುದಕ್ಕೂ ಜಾಕೆಟ್ ಪರವಾನಗಿಯಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದು ಮುರುಡೇಶ್ವರದ ನೀರಿಗಿಳಿದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡದ್ದು ಕರಾವಳಿಯವರಿಗೆ ಮರೆತಿಲ್ಲ.

ಇನ್ನೂ ಒಂದು ಮಾತನ್ನು ದೋಣಿಯ ಸಂಭ್ರಮದಲ್ಲಿ ಮರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹತ್ತಿರಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಇವರೆಲ್ಲ ದೋಣಿ ಹತ್ತಿದವರಲ್ಲ. ಮನೆಯ ಹಿಂದಿನ ತೊಟ್ಟಿ, ಊರ ಕೆರೆ, ಮುಚ್ಚದ ಗುಂಡಿ ಇವೇ ಅವರ ಕಡಲು. ನಮ್ಮ ರಾಜ್ಯದಲ್ಲಿ ಕೃಷಿಹೊಂಡವನ್ನೂ ಈ ಪಟ್ಟಿಗೆ ಸೇರಿಸಬೇಕು. ನೀರು ಇಂಗದಿರಲೆಂದು ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಎಷ್ಟು ಜಾರುತ್ತದೆಂದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಅಲ್ಲಿಗೆ ಜಾಕೆಟ್ ಉಪಾಯವಲ್ಲ, ಬೇಲಿಯೇ ಉಪಾಯ. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಸಹಾಯಧನ ಇದೆ, ಕೇಳಿ ಪಡೆಯಿರಿ. ಜೊತೆಗೆ ನಾಲ್ಕು ಮೂಲೆಯಿಂದ ಗಂಟುಗಂಟಾದ ಹಗ್ಗ ಇಳಿಬಿಟ್ಟು, ಬಾಯಿ ಬಿಗಿದ ಖಾಲಿ ಕ್ಯಾನೊಂದನ್ನು ಹಗ್ಗಕ್ಕೆ ಕಟ್ಟಿ ಕೈಗೆ ಸಿಗುವಂತೆ ಇಟ್ಟಿರಿ. ಖರ್ಚು ಎಂದರೆ ಹಗ್ಗದ್ದು.

ದೋಣಿಗೆ ಮರಳೋಣ. ಸರಿಯಾದ ಜಾಕೆಟ್ ಸಿಕ್ಕಿತೆಂದರೂ ಅದನ್ನು ಮೈಮೇಲೆ ಉಳಿಸುವುದೇ ದೊಡ್ಡ ಕೆಲಸ. ಸೆಕೆ, ಕಂಕುಳಲ್ಲಿ ಉಜ್ಜುತ್ತದೆ, ನೂರು ಜನ ತೊಟ್ಟ ಬೆವರಿನ ವಾಸನೆ. ಮಗು ಅಳುತ್ತದೆ, ಅಜ್ಜಿಗೆ ಕರುಳು ಚುರುಕ್ಕೆನ್ನುತ್ತದೆ, ನೀರಿನ ನಡುವೆ ಬಕಲ್ ಬಿಚ್ಚುತ್ತದೆ. ದಡ ಬಿಡುವಾಗ ತೊಟ್ಟು, ತಪಾಸಣೆಯವರು ಮರೆಯಾದೊಡನೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಳ್ಳುವ ಅಪ್ಪಂದಿರನ್ನೂ ಕಂಡಿದ್ದೇನೆ, ಹೆಲ್ಮೆಟ್ಟಿನಲ್ಲಿ ಕಲಿತ ವಿದ್ಯೆ. ತೊಡೆಯ ಮೇಲಿನ ಜಾಕೆಟ್ಟನ್ನು ಬಿದ್ದ ಮೇಲೆ ತೊಡುತ್ತೇನೆ ಎನ್ನುವವರು ಒಮ್ಮೆ ಈಜುಕೊಳದ ಆಳದಲ್ಲಿ ತೊಡಲು ಪ್ರಯತ್ನಿಸಿ ನೋಡಲಿ. ಮಕ್ಕಳ ಮಟ್ಟಿಗೆ ನನಗೆ ಫಲ ಕಂಡ ದಾರಿ ಅಭ್ಯಾಸ. ನಮ್ಮ ಮನೆಯಲ್ಲಿ ಜಾಕೆಟ್ ಪ್ರವಾಸಕ್ಕೆ ಮೊದಲೇ ಬರುತ್ತದೆ. ಮಗು ಅದನ್ನು ತೊಟ್ಟು ಮನೆಯೆಲ್ಲ ಓಡಾಡುತ್ತದೆ, ಟಿವಿ ನೋಡುತ್ತದೆ. ಆಮೇಲೆ ಈಜುಕೊಳದಲ್ಲಿ, ನಮ್ಮ ಎದೆಮಟ್ಟದ ನೀರಿನಲ್ಲಿ, ಕೈ ಕೆಳಗಿಟ್ಟು ಅಂಗಾತ ಮಲಗಿಸಿ ನಿಧಾನ ಕೈ ಸಡಿಲಿಸುವುದು. ಜಾಕೆಟ್ ಮುಖವನ್ನು ಮೇಲಿಡುತ್ತದೋ ಇಲ್ಲವೋ, ಗಲ್ಲ ಮುಳುಗುತ್ತದೋ, ಪಟ್ಟಿ ಎಲ್ಲಿ ಜಾರುತ್ತದೆ ಎಲ್ಲವೂ ಅಲ್ಲೇ ತಿಳಿಯುತ್ತದೆ. ಮೊದಲ ಸಲ ಮಗು ಗಾಬರಿಯಾಗಿ ಕೈಕಾಲು ಬಡಿಯುತ್ತದೆ, ಬಡಿಯಲಿ. ಆ ಗಾಬರಿ ನಿಮ್ಮ ಕೈಯಳತೆಯಲ್ಲೇ ಮುಗಿದುಹೋಗುವುದು ಮೇಲು. ನೀವೂ ಜಾಕೆಟ್ ತೊಟ್ಟಿರಬೇಕು, ಮಾದರಿಯಾಗಲೆಂದು ಅಷ್ಟೇ ಅಲ್ಲ. ಮಗು ಬಿದ್ದರೆ ನೀವು ಯೋಚಿಸದೆ ಹಾರುತ್ತೀರಿ. ಆಗ ನೀವು ಮುಳುಗದಿರುವುದು ಮಗುವಿಗೇ ಬೇಕು.

ಬಾಡಿಗೆ ಜಾಕೆಟ್ಟನ್ನೇ ನೆಚ್ಚಿಕೊಳ್ಳುವುದಾದರೆ ಕೇಳಬೇಕಾದ ಪ್ರಶ್ನೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ‘ಜಾಕೆಟ್ ಇದೆಯಾ?’ ಎಂದಲ್ಲ. ಆ ಪ್ರಶ್ನೆಗೆ ಎಲ್ಲ ಕಡೆ ಇದೆ ಎಂಬುದೇ ಉತ್ತರ. ‘18 ಕಿಲೋದ ಮಗುವಿಗೆ ಇದೆಯಾ, ತೋರಿಸಿ’ ಎನ್ನಿ. ಇದ್ದರೆ ತೊಡಿಸಿ, ಭುಜ ಹಿಡಿದು ಎತ್ತಿ ನೋಡಿ, ಆಮೇಲೆ ದುಡ್ಡು ಕೊಡಿ. ಕೆಲವು ದೋಣಿಯವರು ರೇಗುತ್ತಾರೆ, ಕೆಲವರು ಗೋಣಿಚೀಲದ ತಳದಿಂದ ಮಕ್ಕಳ ಜಾಕೆಟ್ ತೆಗೆದುಕೊಡುತ್ತಾರೆ. ಕೇಳುವವರಿಲ್ಲದೆ ಅದು ತಳದಲ್ಲಿ ಬಿದ್ದಿತ್ತು. ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗುಗಳಲ್ಲಿ ಪ್ರಯಾಣಿಕರ ಸಂಖ್ಯೆಯ ಶೇ 10ರಷ್ಟಾದರೂ ಮಕ್ಕಳ ಜಾಕೆಟ್ ಇರಬೇಕು, ಮಕ್ಕಳು ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಮಗುವಿಗೂ ಒಂದಿರಬೇಕು ಎಂಬ ನಿಯಮವಿದೆ. ನಮ್ಮ ಹಿನ್ನೀರಿನ ದೋಣಿಗೆ, ತೆಪ್ಪಕ್ಕೆ, ಹರಿಗೋಲಿಗೆ ಅಷ್ಟನ್ನೇ ಜಿಲ್ಲಾಡಳಿತ ಕಡ್ಡಾಯ ಮಾಡಿದರೆ ಸಾಕು. ಬಸ್ಸಿನಲ್ಲಿ ಅರ್ಧ ಟಿಕೆಟ್ ಯಾರಿಗೆಂದು ತಿಳಿಯಲು ಎತ್ತರದ ಗೆರೆ ಎಳೆದಿರುತ್ತಾರಲ್ಲ, ಹಾಗೆ ಟಿಕೆಟ್ ಕೌಂಟರಿನ ಗೋಡೆಗೆ ಎರಡು ಗೆರೆ, ಪಕ್ಕದಲ್ಲಿ ಒಂದು ತೂಕದ ಯಂತ್ರ, ಸರಳಿನ ಮೇಲೆ ಮೂರು ಬಣ್ಣದ ಗುರುತಿನ ಜಾಕೆಟ್‌ಗಳು. ಇದಕ್ಕೆ ಸಮಿತಿ ಬೇಡ, ಟೆಂಡರೂ ಬೇಡ. ಒಂದು ಡಬ್ಬ ಬಣ್ಣ ಸಾಕು.

ಕೊನೆಗೆ ಹೆಚ್ಚು ಜನ ಕೇಳುವ ಸಣ್ಣ ಪ್ರಶ್ನೆ: ಅಣ್ಣನಿಗೆ ಸಣ್ಣದಾದ ಜಾಕೆಟ್ ತಮ್ಮನಿಗೆ ಆದೀತೇ? ಚೆನ್ನಾಗಿ ನೋಡಿಕೊಂಡಿದ್ದರೆ ಆದೀತು. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಜಾಲಾಡಿಸಿ, ನೆರಳಲ್ಲಿ ಒಣಗಿಸಿ, ಗಾಳಿಯಾಡುವಲ್ಲಿ ತೂಗುಹಾಕಿ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೇಯಿಸಬೇಡಿ, ದೋಣಿಯಲ್ಲಿ ದಿಂಬು ಮಾಡಿ ಕೂರಬೇಡಿ, ಕೂತಷ್ಟೂ ಫೋಮು ಚಪ್ಪಟೆಯಾಗಿ ತೇಲುಬಲ ಕುಗ್ಗುತ್ತದೆ. ಪ್ರತಿ ವರ್ಷ ಹೊರತೆಗೆದಾಗ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಬಿಸಿಲು ತಿಂದ ಬಟ್ಟೆ ಪಿಸಿದುಬರುತ್ತದೆ. ಫೋಮನ್ನು ಹಿಸುಕಿ, ಹಿಸುಕಿದ್ದು ಮರಳಿ ಉಬ್ಬಬೇಕು. ಬಕಲ್ಲಿನ ಹಲ್ಲು ಬಿಳಿಚಿಕೊಂಡು ಬಿರುಕು ಬಿಟ್ಟಿದೆಯೇ ನೋಡಿ. ತಮ್ಮನನ್ನು ತೂಕ ಮಾಡಿ ಚೀಟಿಯ ಅಂಕಿಯೊಂದಿಗೆ ಹೋಲಿಸಿ, ಚೀಟಿ ಮಾಸಿಹೋಗಿದ್ದರೆ ಅಣ್ಣ ಅದನ್ನು ತೊಡುವಾಗ ಎಷ್ಟು ಕಿಲೋ ಇದ್ದನೆಂಬ ನೆನಪನ್ನು ನಂಬಬೇಡಿ. ಹೊಲಿಗೆ ಬಿಚ್ಚಿ ಬಿಳಿ ಫೋಮು ಇಣುಕುತ್ತಿದ್ದರೆ ಗುಜರಿಗೆ ಹಾಕುವ ಮೊದಲು ಕತ್ತರಿಯಿಂದ ಪಟ್ಟಿಗಳನ್ನೆಲ್ಲ ಕತ್ತರಿಸಿಹಾಕಿ. ಹಾಗೇ ಕೊಟ್ಟರೆ ಅದು ಇನ್ನಾವುದೋ ದಡದ ಸರಳಿಗೆ ನೇತುಬಿದ್ದು ಇನ್ನೊಂದು ಮಗುವಿನ ಮೈಮೇಲೆ ಬರುತ್ತದೆ.